563101 ಅನ್ನು ಬಿಡಿಸುವುದು ಹೇಗೆ

ಕೋಲಾರದ ಟೊಮೆಟೊ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ನಮ್ಮ ಬಿಲ್ಲಿನ ತಲೆಯಲ್ಲಿ ಊರಿನ ಪಿನ್‌ಕೋಡ್ ಇದೆ, 563101. ಹರಾಜು ಮುಗಿದು ಲಾರಿಗಳು ಹೊರಟ ಮೇಲೆ ಒಂದು ದಿನ ಹಳೇ ಚೀಟಿಯ ಹಿಂದೆ ಅದನ್ನು ಭಾಗಿಸುತ್ತಾ ಕೂತೆ. ಪೆನ್ನು, ಚೀಟಿ ಇದ್ದರೆ ನೀವೂ ಮಾಡಬಹುದು.

ಮೊದಲು ಸುಲಭದ್ದು ನೋಡಿ. ಕೊನೆಯ ಅಂಕಿ 1, ಹಾಗಾಗಿ 2, 5 ಎರಡೂ ಆಗಲ್ಲ. ಅಂಕಿಗಳನ್ನು ಕೂಡಿದರೆ 16, ಆದ್ದರಿಂದ 3 ಕೂಡ ಆಗಲ್ಲ. (ಬಿಲ್ಲಿನ ಮೊತ್ತ ಸರಿಯಿದೆಯಾ ಅಂತ ನೋಡಲು ನಾನು ದಿನಾ ಹೀಗೆ ಅಂಕಿ ಕೂಡುತ್ತೇನೆ.)

ಈಗ ನನಗೆ ತುಂಬಾ ಇಷ್ಟವಾದ ಉಪಾಯ. ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಒಡೆಯಿರಿ: 563, 101. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ, 462 ಬರುತ್ತದೆ. 462 ಅಂದರೆ 7 ಸಲ 66, 11 ಸಲ 42. ಹಾಗಾದರೆ 563101 ಕೂಡ 7ರಿಂದಲೂ 11ರಿಂದಲೂ ಭಾಗ ಹೋಗುತ್ತದೆ! 13ರಿಂದ ಹೋಗಲ್ಲ, 462ರಲ್ಲಿ 7 ಉಳಿಯುತ್ತದೆ.

ಇದು ಹೇಗೆ ಅಂದರೆ, 7, 11, 13 ಗುಣಿಸಿದರೆ 1001. 563ನ್ನು 1001ರಿಂದ ಗುಣಿಸಿದರೆ 563563. ಇದು 7, 11, 13 ಯಾವುದರಿಂದ ಭಾಗಿಸಿದರೂ ಏನೂ ಉಳಿಯಲ್ಲ. ಅದರಲ್ಲಿ ನಮ್ಮ 563101 ಕಳೆದರೆ ಉಳಿಯುವುದು ಅದೇ 462. ಹಾಗಾಗಿ 462 ಭಾಗ ಹೋದರೆ 563101 ಕೂಡ ಹೋಗಲೇಬೇಕು. ಇದು ಹೊಳೆದ ದಿನ ನಾನು ಮನೆಗೆ ಹೋಗಿ ಮಗಳನ್ನು ಎಬ್ಬಿಸಿ ಹೇಳಿದ್ದೆ.

77ರಿಂದ ಭಾಗಿಸಿ, 7313 ಸಿಗುತ್ತದೆ. ಇನ್ನು ಎಲ್ಲಿಯವರೆಗೆ ಹುಡುಕಬೇಕು? 86 ಸಲ 86 ಅಂದರೆ 7396, ಆಗಲೇ ದಾಟಿತು. 7313 ಒಡೆಯುವುದಾದರೆ ಒಂದು ಭಾಗ 85ರ ಒಳಗೇ ಇರಬೇಕು. 7, 11 ಇನ್ನೊಮ್ಮೆ ನೋಡಿ, ಆಗಲ್ಲ. ಆಮೇಲೆ 17, 19, 23 ಹೀಗೆ ಅವಿಭಾಜ್ಯ ಸಂಖ್ಯೆಗಳನ್ನಷ್ಟೇ ಹಿಡಿಯಿರಿ. 17ಕ್ಕೆ 3 ಉಳಿಯಿತು, 43ಕ್ಕೂ 3. 67ರವರೆಗೆ 13 ಸಂಖ್ಯೆ ಕೈಕೊಟ್ಟವು. ಇಲ್ಲಿ ಬೇಜಾರಾಗಿ ಬಿಡಬೇಡಿ. ಮುಂದಿನದೇ 71, ಸರಿಯಾಗಿ 103 ಸಲ ಹೋಯಿತು! 103 ಇನ್ನು ಒಡೆಯಲ್ಲ.

ಅಂದರೆ 563101 = 7 × 11 × 71 × 103.

ನಾಲ್ಕೂ ಬೇರೆ ಬೇರೆ. ಒಂದೊಂದನ್ನೂ ತೆಗೆದುಕೊಳ್ಳಬಹುದು, ಬಿಡಬಹುದು. ಹಾಗಾಗಿ ಒಟ್ಟು 2×2×2×2, ಅಂದರೆ 16 ಭಾಜಕ. ಅಷ್ಟು ಟೊಮೆಟೊ ಬಾಕ್ಸನ್ನು ನೆಲದ ಮೇಲೆ ಸಮ ಸಾಲಾಗಿ ಇಡಲು ಎಂಟು ಜೋಡಿ ಅಳತೆ ಸಿಗುತ್ತದೆ. ಚೌಕಕ್ಕೆ ಹತ್ತಿರದ್ದು 721 ಸಾಲು, ಸಾಲಿಗೆ 781 ಬಾಕ್ಸ್.

ತುಮಕೂರಿನವರು 572101 ಹಿಡಿಯಿರಿ. ಕಳೆದರೆ 471, ಅದಕ್ಕೆ 7, 11, 13 ಯಾವುದೂ ಆಗಲ್ಲ. 17 ಹೋಗುತ್ತದೆ, 33653 ಸಿಗುತ್ತದೆ. ಅಲ್ಲಿಂದ ನೀವೇ ಮುಂದುವರಿಸಿ, 80ರ ಒಳಗೇ ಇನ್ನೊಂದು ಸಿಗುತ್ತದೆ.