ಟೈ ಆದರೆ ಎರಡು ತಂಡಕ್ಕೂ ಸೊನ್ನೆ: ಮೊದಲಾರ್ಧದ ಟ್ರೇಡಿಂಗ್ ಹೇಗೆ?

ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಈಗ ಪಂದ್ಯದ ಮೇಲೆ ಮಾತ್ರವಲ್ಲ, ಮೊದಲಾರ್ಧದ ಮೇಲೂ ಟ್ರೇಡ್ ಮಾಡಬಹುದು. ಈ ಲೇಖನ ಅಲ್ಲಿ ನೆಲೆಸಿರುವ ಕನ್ನಡಿಗರಿಗೆ. ಭಾರತದಲ್ಲಿ ಕೂತು ಇದಕ್ಕೆ ಕೈ ಹಾಕುವ ಹಾಗಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾನೂನು ಹಣ ಕಟ್ಟಿ ಆಡುವುದನ್ನು ನಿಷೇಧಿಸಿದೆ. ಅಮೆರಿಕದಲ್ಲೂ ಕೆಲವು ರಾಜ್ಯಗಳು ಇದು ಜೂಜೇ ಎಂದು ಕೋರ್ಟಿಗೆ ಹೋಗಿವೆ. ನಿಮ್ಮ ರಾಜ್ಯದ ಸ್ಥಿತಿ ಏನೆಂದು ಮೊದಲು ನೋಡಿಕೊಳ್ಳಿ.

ಕಾಲ್ಶಿಯಂಥ ಪ್ರಿಡಿಕ್ಷನ್ ಮಾರ್ಕೆಟ್‌ನಲ್ಲಿ (ಮುಂದೇನಾಗುತ್ತದೆ ಎಂಬುದರ ಮೇಲೆ ಹಣ ಹಾಕುವ ಮಾರುಕಟ್ಟೆ) ಪ್ರತಿ ಕಾಂಟ್ರಾಕ್ಟೂ ಒಂದು ಪ್ರಶ್ನೆ. ಮೊದಲಾರ್ಧ ಮುಗಿದಾಗ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಮುಂದಿರುತ್ತಾ? ಹೌದಾದರೆ ‘ಯೆಸ್’ ಕೊಂಡವರಿಗೆ 1 ಡಾಲರ್, ಇಲ್ಲವಾದರೆ ಏನೂ ಇಲ್ಲ. ಬೆಲೆ 67 ಸೆಂಟ್ ಇದ್ದರೆ, ಸಾಧ್ಯತೆ ಸುಮಾರು 67% ಎಂದು ಮಾರ್ಕೆಟ್ ಅಂದುಕೊಂಡಿದೆ ಎಂದರ್ಥ.

1. ನಿಯಮ ಓದಿ

ಪುರುಷರ ಪಂದ್ಯದಲ್ಲಿ 20 ನಿಮಿಷದ ಎರಡು ಅರ್ಧ. ಮಹಿಳೆಯರದ್ದು 10 ನಿಮಿಷದ ನಾಲ್ಕು ಕ್ವಾರ್ಟರ್, ಅಲ್ಲಿ ಮೊದಲ ಎರಡು ಸೇರಿದರೆ ಮೊದಲಾರ್ಧ.

ಪೂರ್ತಿ ಪಂದ್ಯ ಟೈನಲ್ಲಿ ಮುಗಿಯುವುದಿಲ್ಲ, 5 ನಿಮಿಷದ ಓವರ್‌ಟೈಮ್ ಇದೆ. ಮೊದಲಾರ್ಧ ಮಾತ್ರ 34-34ಕ್ಕೆ ಆರಾಮಾಗಿ ಮುಗಿಯಬಹುದು. ಆಗ ಎರಡೂ ತಂಡದ ‘ಯೆಸ್’ ಸೊನ್ನೆ. ಅದಕ್ಕೇ ಟೈ ಎಂಬ ಮೂರನೇ ಆಯ್ಕೆ ಇದೆಯಾ ನೋಡಿ.

2. ಬೆಲೆ ನೀವೇ ಲೆಕ್ಕ ಹಾಕಿ

ಹೆಚ್ಚಿನವರು ಎಡವುವುದು ಇಲ್ಲೇ. ಒಂದು ತಂಡ 8 ಪಾಯಿಂಟ್‌ನಿಂದ ಗೆಲ್ಲುವ ನಿರೀಕ್ಷೆ ಇದೆ ಅನ್ನಿ. ಪಂದ್ಯ ಗೆಲ್ಲುವ ಸಾಧ್ಯತೆ ಅಂದಾಜು 77%. ಹಾಗಾದರೆ ಮೊದಲಾರ್ಧದಲ್ಲೂ 77 ಸೆಂಟ್ ಕೊಡಬಹುದಾ? ಬೇಡ. ಸಮಯ ಅರ್ಧವಾದರೆ ನಿರೀಕ್ಷಿತ ಅಂತರವೂ 4 ಪಾಯಿಂಟ್‌ಗೆ ಇಳಿಯುತ್ತದೆ. ಅದೃಷ್ಟದ ಏರಿಳಿತ ಅಷ್ಟು ಇಳಿಯುವುದಿಲ್ಲ, ಸುಮಾರು 70% ಹಾಗೇ ಉಳಿಯುತ್ತದೆ. ಸಣ್ಣ ತಂಡ ನಾಲ್ಕು ಮೂರು-ಪಾಯಿಂಟ್ ಶಾಟ್ ಹಾಕಿಬಿಟ್ಟರೆ 20 ನಿಮಿಷದಲ್ಲಿ ಅದನ್ನು ತೀರಿಸುವುದು ಕಷ್ಟ ಅಲ್ವಾ?

ನನ್ನ ಲೆಕ್ಕದಲ್ಲಿ ಬಲವಾದ ತಂಡಕ್ಕೆ ಸುಮಾರು 67, ಟೈಗೆ 4-5, ಎದುರಾಳಿಗೆ 28 ಸೆಂಟ್. ಸಣ್ಣ ತಂಡದ ಮೇಲೆ ನಂಬಿಕೆ ಇದ್ದರೆ ಎರಡು ದಾರಿ ಇವೆ: ಅದರ ‘ಯೆಸ್’ ಕೊಳ್ಳಿ, ಇಲ್ಲವೇ ದೊಡ್ಡ ತಂಡದ ‘ನೋ’ ಕೊಳ್ಳಿ. ‘ನೋ’ಗೆ 4-5 ಸೆಂಟ್ ಜಾಸ್ತಿ, ಆದರೆ ಟೈ ಆದರೂ ದುಡ್ಡು ಬರುತ್ತದೆ. ನನಗೆ ಎರಡನೆಯದೇ ಇಷ್ಟ.

3. ಲಿಮಿಟ್ ಆರ್ಡರ್ ಹಾಕಿ

ಹೆಸರಿಲ್ಲದ ಕಾಲೇಜುಗಳ ಪಂದ್ಯದಲ್ಲಿ ಕೊಳ್ಳುವವರೇ ಕಡಿಮೆ. ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಕೊಳ್ಳುವುದು) ಹಾಕಿದರೆ ಸುಮ್ನೆ ನಾಲ್ಕೈದು ಸೆಂಟ್ ಹೋಗುತ್ತದೆ; ಲಿಮಿಟ್ ಆರ್ಡರ್‌ನಲ್ಲಿ ಇಷ್ಟಕ್ಕಿಂತ ಜಾಸ್ತಿ ಕೊಡಲ್ಲ ಎಂದು ನೀವೇ ಬೆಲೆ ಹೇಳುತ್ತೀರಿ. ಕಾಲ್ಶಿಯ ಸಾಮಾನ್ಯ ಫೀಸ್ ಲೆಕ್ಕದಲ್ಲಿ 67 ಸೆಂಟ್‌ನ 100 ಕಾಂಟ್ರಾಕ್ಟ್‌ಗೆ ಸುಮಾರು ಒಂದೂವರೆ ಡಾಲರ್. ಅಂದರೆ ನಿಮ್ಮ ಅಂದಾಜು 67 ಇದ್ದು ಬೆಲೆ 66 ಇದ್ದರೆ ಕೊಳ್ಳುವುದರಲ್ಲಿ ಅರ್ಥವಿಲ್ಲ.

4. ಆಟ ಶುರುವಾದ ಮೇಲೆ

ಪುರುಷರ ಪಂದ್ಯದಲ್ಲಿ ಗಡಿಯಾರ 16, 12, 8, 4 ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಆಟ ಮೊದಲು ನಿಂತಾಗ ಟಿವಿ ಟೈಮ್‌ಔಟ್ ಬರುತ್ತದೆ. ಯೋಚನೆ ಮಾಡುವುದಿದ್ದರೆ ಆಗ ಮಾಡಿ. ಆಟ ನಡೆಯುವಾಗ ನಿಮ್ಮ ಸ್ಟ್ರೀಮ್ ಕೆಲವು ಸೆಕೆಂಡ್ ಹಿಂದಿರುತ್ತದೆ; ನೀವು ಬಾಸ್ಕೆಟ್ ನೋಡುವಷ್ಟರಲ್ಲಿ ಬೆಲೆ ಏರಿರುತ್ತದೆ.

ಸ್ಕೋರ್‌ಗಿಂತ ಫೌಲ್ ಪಟ್ಟಿ ಗಮನಿಸಿ. ಐದು ಫೌಲ್ ಆದರೆ ಆಟಗಾರ ಹೊರಗೆ. ಆ ಭಯಕ್ಕೆ ಮೊದಲಾರ್ಧದಲ್ಲಿ ಎರಡು ಆದ ಕೂಡಲೇ ಅನೇಕ ಕೋಚ್‌ಗಳು ಸ್ಟಾರ್ ಆಟಗಾರನನ್ನೂ ಬೆಂಚ್‌ನಲ್ಲಿ ಕೂರಿಸುತ್ತಾರೆ. ಪೂರ್ತಿ ಪಂದ್ಯಕ್ಕೆ ಅದು ದೊಡ್ಡ ನಷ್ಟವಲ್ಲ, ಮೊದಲಾರ್ಧಕ್ಕೆ ಮಾತ್ರ ಭಾರಿ ಹೊಡೆತ. ಹಾಗೆಯೇ ಪುರುಷರ ಪಂದ್ಯದಲ್ಲಿ ಒಂದು ಅರ್ಧದಲ್ಲಿ ತಂಡದ ಏಳನೇ ಫೌಲ್‌ನಿಂದ, ಶಾಟ್ ಹೊಡೆಯುವಾಗ ಆಗದ ಸಾಮಾನ್ಯ ಫೌಲ್‌ಗೂ ಎದುರಾಳಿಗೆ ಫ್ರೀ ಥ್ರೋ ಸಿಗಲು ಶುರುವಾಗುತ್ತದೆ.

5. ಮಾರುವುದೋ, ಕಾಯುವುದೋ

ಒಂದು ನಿಮಿಷ ಬಾಕಿ ಇರುವಾಗ ಬೆಲೆ 90 ದಾಟಿದ್ದರೆ ಮಾರಲು ಕೈ ತುರಿಸುತ್ತದೆ. ಮಾರಿದರೆ ಮತ್ತೆ ಫೀಸ್, ಬಿಟ್ಟರೆ ಸೆಟಲ್‌ಮೆಂಟ್‌ಗೆ (ಫಲಿತಾಂಶ ಬಂದ ಮೇಲೆ ಹಣ ಕೊಡುವುದಕ್ಕೆ) ಫೀಸ್ ಇಲ್ಲ. ಬೆಲೆ ನಿಮ್ಮ ಅಂದಾಜಿಗಿಂತ ಜಾಸ್ತಿ ಆಗಿದ್ದರೆ ಮಾತ್ರ ಮಾರಿ.