ಹಿರಿಯರ ಪೈಪುಗಳನ್ನು ಉಜ್ಜುವ ಮುನ್ನ

ಕೋಲಾರ ಜಿಲ್ಲೆಯಲ್ಲಿ, ಅದರಲ್ಲೂ ಚಿನ್ನದ ಗಣಿಯ ನಂಟಿದ್ದ ಮನೆಗಳಲ್ಲಿ, ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಇಳಿಸಿದಾಗ ಹೊಗೆಸೊಪ್ಪಿನ ಪೈಪುಗಳು ಕೈಗೆ ಸಿಗುವುದುಂಟು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೆ.ಜಿ.ಎಫ್‌ಗೆ ಕಾಲಿಟ್ಟಂದಿನಿಂದ 1956ರಲ್ಲಿ ಗಣಿಗಳು ಸರ್ಕಾರದ ಕೈ ಸೇರುವವರೆಗೆ ಇಲ್ಲಿ ನೆಲೆಸಿದ್ದ ಬ್ರಿಟಿಷ್ ಎಂಜಿನಿಯರುಗಳ ಜೊತೆಯಲ್ಲಿ ಪೈಪು ಸೇದುವ ಅಭ್ಯಾಸವೂ ಬಂದಿತು. ಅವರ ಕೈಕೆಳಗೆ ದುಡಿದ ನಮ್ಮ ಹಿರಿಯರಲ್ಲಿ ಕೆಲವರು ಅದನ್ನು ತಾವೂ ರೂಢಿಸಿಕೊಂಡರು. ನಮ್ಮ ಮಾವನವರ ಪೈಪುಗಳಲ್ಲಿ ಅವರೇ ಕೊಂಡವೂ ಇದ್ದವು, ಊರು ಬಿಟ್ಟು ಹೊರಟ ಮೇಲಧಿಕಾರಿಗಳು ನೆನಪಿಗೆಂದು ಕೊಟ್ಟುಹೋದವೂ ಇದ್ದವು. ಅವುಗಳ ಜವಾಬ್ದಾರಿ ನನ್ನ ಪಾಲಿಗೆ ಬಂದಾಗಿನಿಂದ ಕಲಿತದ್ದನ್ನು, ಇಂಥದೇ ಗಂಟು ಕೈಗೆ ಬಂದಿರುವ ಕಿರಿಯರಿಗೆ ಹೇಳಬೇಕೆನಿಸಿದೆ. ಪೈಪನ್ನು ಉಳಿಸಿಕೊಳ್ಳುವುದಕ್ಕೂ ಅದನ್ನು ಸೇದುವುದಕ್ಕೂ ಸಂಬಂಧವಿಲ್ಲ. ಹೊಗೆಸೊಪ್ಪಿನ ಕೇಡು ಎಲ್ಲರಿಗೂ ತಿಳಿದದ್ದೇ, ನಾನು ಹೇಳುತ್ತಿರುವುದು ವಸ್ತುವಿನ ಆರೈಕೆಯನ್ನು ಮಾತ್ರ.

ಟ್ರಂಕು ತೆರೆದ ದಿನವೇ ಸ್ಪಿರಿಟ್ಟು, ಉಪ್ಪುಕಾಗದ ಹಿಡಿದು ಕೂರಬೇಡಿ. ಹಳೆಯ ಪೈಪಿನ ಬೆಲೆಯೂ ಚರಿತ್ರೆಯೂ ಅದರ ಮೈಮೇಲೆ ಒತ್ತಿರುವ ಸಣ್ಣ ಅಕ್ಷರಗಳಲ್ಲಿದೆ. ಉತ್ಸಾಹದಿಂದ ಉಜ್ಜಿದರೆ ಮೊದಲು ಸವೆಯುವುದು ಆ ಅಕ್ಷರಗಳೇ. ಆದ್ದರಿಂದ ಮಂಚದ ಮೇಲೆ ಬಿಳಿಯ ಪಂಚೆ ಹಾಸಿ ಎಲ್ಲವನ್ನೂ ಸಾಲಾಗಿ ಇಡಿ, ಪ್ರತಿಯೊಂದಕ್ಕೂ ದಾರದಲ್ಲಿ ಸಂಖ್ಯೆಯ ಚೀಟಿ ಕಟ್ಟಿ, ಎರಡೂ ಪಕ್ಕದ ಫೋಟೊ ತೆಗೆದುಕೊಳ್ಳಿ. ಒಂದು ಪೈಪಿನ ಬಾಯಿಕೊಳವೆಯನ್ನು ಇನ್ನೊಂದರ ಬಟ್ಟಲಿಗೆ ಸೇರಿಸಿ ನೋಡುವ ಆಟ ಬೇಡ, ಏಕೆಂದರೆ ಒಳ್ಳೆಯ ಪೈಪುಗಳಲ್ಲಿ ಅವೆರಡನ್ನೂ ಒಂದಕ್ಕೊಂದು ಹೊಂದುವಂತೆ ಕೈಯಿಂದಲೇ ಕೂಡಿಸಿರುತ್ತಾರೆ. ಜೋಡಿ ತಪ್ಪಿದರೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಮನೆಯ ಹಳೆಯ ಫೋಟೊಗಳನ್ನೂ ಆಗಲೇ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಕ್ಲಬ್ಬಿನ ಮೆಟ್ಟಿಲ ಮೇಲೆ ತೆಗೆಸಿದ ಒಂದು ಚಿತ್ರದಲ್ಲಿ ಮಾವನವರ ಕೈಯಲ್ಲಿದ್ದ ಬಾಗಿದ ಪೈಪಿನ ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ಅದೇ ಚಕ್ಕೆಯ ಗುರುತಿನಿಂದ, ಯಾರೂ ಕಣ್ಣೆತ್ತಿ ನೋಡದಿದ್ದ ಒಂದು ಕಪ್ಪು ಪೈಪು ಅವರು ದಿನವೂ ಬಳಸುತ್ತಿದ್ದದ್ದೆಂದು ನಮಗೆ ತಿಳಿಯಿತು.

ಬೇರ್ಪಡಿಸುವಾಗ ಮೊದಲು ನೋಡಬೇಕಾದದ್ದು ಪೈಪು ಯಾವುದರಿಂದ ಆಗಿದೆ ಎಂಬುದನ್ನು. ಹೆಚ್ಚಿನವು ಬ್ರಯರ್ ಮರದವು. ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬುಡದಲ್ಲಿ, ಬೇರಿನ ಹತ್ತಿರ ಉಬ್ಬಿಕೊಳ್ಳುವ ಗಂಟಿನಿಂದ ಇವನ್ನು ಕೆತ್ತುತ್ತಾರೆ, ಮತ್ತು ಆ ಗಂಟು ಬೆಂಕಿಯ ಕಾವನ್ನು ತಡೆಯುವುದರಿಂದಲೇ ಅದಕ್ಕೆ ಅಷ್ಟು ಬೇಡಿಕೆ. ಕೈಗೆ ಹಗುರವಾಗಿ, ಬಿಳಿ ಅಥವಾ ಜೇನಿನ ಬಣ್ಣದಲ್ಲಿ ಮೇಣದ ಹೊಳಪಿರುವುದು ಸಿಕ್ಕರೆ ಅದು ಮೀರ್ಶಾಮ್ ಇರಬಹುದು. ಅದು ಮರವಲ್ಲ, ಟರ್ಕಿಯ ಎಸ್ಕಿಶೆಹಿರ್ ಸುತ್ತಮುತ್ತ ಅಗೆದು ತೆಗೆಯುವ ಮೃದುವಾದ ಖನಿಜ. ವರ್ಷಗಟ್ಟಲೆ ಸೇದಿದ ಹೊಗೆಯಿಂದ ಅದಕ್ಕೆ ಬರುವ ಕಂದು ಬಣ್ಣವೇ ಅದರ ಅಂದ, ಆದ್ದರಿಂದ ಅದನ್ನು ತೊಳೆಯಲೂ ಬಾರದು, ಸ್ಪಿರಿಟ್ಟು ಸೋಕಿಸಲೂ ಬಾರದು; ಒಣ ಬಟ್ಟೆಯಿಂದ ಒರೆಸಿ ಬೇರೆ ಇಟ್ಟುಬಿಡಿ. ಮಣ್ಣಿನ ಚಿಲುಮೆಗಳಿದ್ದರೆ ಅವಕ್ಕೂ ಧೂಳು ಕೊಡವುವುದಷ್ಟೇ ಸಾಕು.

ಇನ್ನು ಅಕ್ಷರಗಳು. ಬಟ್ಟಲಿನಿಂದ ಹೊರಟ ಮರದ ಕತ್ತಿನ ಎರಡೂ ಪಕ್ಕಗಳನ್ನು, ಕತ್ತಲು ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ. ನೇರ ಬೆಳಕಿನಲ್ಲಿ ಕಾಣದ ಅಚ್ಚು ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಬಾಯಿಕೊಳವೆಯ ಮೇಲೆ ಬಿಳಿ ಚುಕ್ಕಿಯಿದ್ದು ಮರದ ಮೇಲೆ ಡನ್‌ಹಿಲ್ ಎಂಬ ಇಂಗ್ಲಿಷ್ ಕಂಪನಿಯ ಹೆಸರಿದ್ದರೆ, ಇಂಗ್ಲೆಂಡ್ ಎಂಬ ಪದದ ಕೊನೆಯ ಅಕ್ಷರದ ಪಕ್ಕದಲ್ಲಿ ಚಿಕ್ಕ ಅಂಕಿ ಇದೆಯೇ ಎಂದು ಹುಡುಕಿ, ಅದು ತಯಾರಾದ ವರ್ಷದ ಸುಳಿವು. ಡಬ್ಲಿನ್ನಿನ ಪೀಟರ್ಸನ್ ಪೈಪುಗಳಲ್ಲಿ ದೇಶದ ಹೆಸರೇ ಕಾಲವನ್ನು ಹೇಳುತ್ತದೆ: ಐರಿಷ್ ಫ್ರೀ ಸ್ಟೇಟ್ ಎಂಬ ಹೆಸರಿನ ರಾಜ್ಯ ಇದ್ದದ್ದು 1922ರಿಂದ 1937ರವರೆಗೆ ಮಾತ್ರ, ರಿಪಬ್ಲಿಕ್ ಆಫ್ ಐರ್ಲೆಂಡ್ ಎಂದಿದ್ದರೆ ಅದು 1949ರ ಈಚಿನದು. ಕತ್ತಿಗೆ ಲೋಹದ ಪಟ್ಟಿಯಿದ್ದರೆ ಅದನ್ನೂ ಓದಿ. ನಡೆಯುವ ಸಿಂಹದ ಗುರುತು ಇಂಗ್ಲೆಂಡಿನ 92.5 ಪ್ರತಿಶತದ ಬೆಳ್ಳಿಗೆ, ಲಂಗರು ಬರ್ಮಿಂಗ್‌ಹ್ಯಾಮಿಗೆ, ಚಿರತೆಯ ತಲೆ ಲಂಡನ್ನಿಗೆ, ಜೊತೆಗಿರುವ ಒಂಟಿ ಅಕ್ಷರ ವರ್ಷಕ್ಕೆ ಸಂಬಂಧಿಸಿದ್ದು. ಗುರುತುಗಳಿದ್ದ ಮಾತ್ರಕ್ಕೆ ಬೆಳ್ಳಿಯೆಂದು ತೀರ್ಮಾನಿಸಬೇಡಿ. ಪೀಟರ್ಸನ್ನಿನ ನಿಕ್ಕಲ್ ಪಟ್ಟಿಗಳ ಮೇಲೂ ಮೂರೆಲೆಯ ಶ್ಯಾಮ್‌ರಾಕ್, ಮಲಗಿದ ನಾಯಿ, ದುಂಡು ಗೋಪುರಗಳ ಅಚ್ಚು ಇರುತ್ತದೆ, ಅದು ಅಲಂಕಾರ ಮಾತ್ರ. ಓದಿದ್ದೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಚೀಟಿಯ ಸಂಖ್ಯೆಯ ಎದುರಿಗೆ, ಇದ್ದದ್ದು ಇದ್ದ ಹಾಗೆಯೇ, ಸವೆದ ಅಕ್ಷರವಿದ್ದಲ್ಲಿ ಜಾಗ ಬಿಟ್ಟು, ಬರೆದಿಡಿ.

ಇಷ್ಟಾದ ಮೇಲೆಯೇ ಶುಚಿಯ ಮಾತು. ಈ ಕೆಲಸವನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಅಡುಗೆಯ ಪಾತ್ರೆಗಳಲ್ಲಿ ಮಾಡಲೇಬೇಡಿ. ಹಳೆಯ ಜಿಡ್ಡಿನಲ್ಲಿ ನಿಕೋಟಿನ್ ಇರುತ್ತದೆ, ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಆದ್ದರಿಂದ ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಬಾಯಿಕೊಳವೆ ಕತ್ತಿನಲ್ಲಿ ಕಚ್ಚಿಕೊಂಡಿದ್ದರೆ ಬಲ ಹಾಕಿ ಎಳೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಬಾಯಿಕೊಳವೆಯ ಎಬೊನೈಟು, ಅಂದರೆ ಗಟ್ಟಿ ರಬ್ಬರು, ತಣ್ಣಗಾದಾಗ ಮರಕ್ಕಿಂತ ಹೆಚ್ಚು ಕುಗ್ಗುವುದರಿಂದ, ಆಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಮೆಲ್ಲಗೆ ತಿರುಗಿಸುತ್ತ ಎಳೆದರೆ ಬಿಟ್ಟುಕೊಳ್ಳುತ್ತದೆ. ಬಟ್ಟಲಿನ ಒಳಗಿನ ಮಸಿಯ ಪದರವನ್ನು ಪೂರ್ತಿ ಕೆರೆದು ಹಾಕುವುದೂ ತಪ್ಪು, ಹಾಗೆಯೇ ಬಿಡುವುದೂ ತಪ್ಪು. ಅದು ದಪ್ಪವಾದಷ್ಟೂ ಕಾವಿಗೆ ಮರಕ್ಕಿಂತ ಬೇರೆಯಾಗಿ ಹಿಗ್ಗಿ ಬಟ್ಟಲನ್ನೇ ಸೀಳಿಸುತ್ತದೆ. ಸುಮಾರು 1 ಮಿಲಿಮೀಟರಿನಷ್ಟು ಉಳಿದರೆ ಸಾಕು. ಚೂಪು ತುದಿಯ ಚಾಕು ಬಳಸಿದರೆ ತಳ ತೂತಾಗುವ ಭಯವಿದೆ, ಆದ್ದರಿಂದ ಬೆರಳು ಗಾತ್ರದ ದುಂಡು ಕಡ್ಡಿಗೆ ಉಪ್ಪುಕಾಗದ ಸುತ್ತಿ ನಿಧಾನವಾಗಿ ತಿರುಗಿಸಿ.

ವಾಸನೆ ಹೋಗಬೇಕಾದರೆ ಬ್ರಯರ್ ಬಟ್ಟಲಿಗೆ ಸಡಿಲವಾಗಿ ಹತ್ತಿ ತುಂಬಿ, ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ತೊಟ್ಟು ತೊಟ್ಟಾಗಿ ಹಾಕಿ, ನೇರವಾಗಿ ನಿಲ್ಲಿಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಹತ್ತಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಣ್ಣ ತಿಳಿಯಾಗುವವರೆಗೆ ಹೊಸ ಹತ್ತಿ ಹಾಕುತ್ತ ಹೋಗಬಹುದು. ಕೆಲವರು ಹತ್ತಿಯ ಬದಲು ಉಪ್ಪು ತುಂಬುತ್ತಾರೆ, ಆದರೆ ಉಪ್ಪು ಕತ್ತಿನೊಳಗೆ ಇಳಿದು ಮರವನ್ನು ಬಿರಿಯಿಸುವುದುಂಟು, ನಾನು ಅದನ್ನು ಒಪ್ಪುವುದಿಲ್ಲ. ಬಡಗಿಗಳು ಪಾಲಿಶಿಗೆ ಬಳಸುವ ಸ್ಪಿರಿಟ್ಟಿನಲ್ಲಿ ವಿಷಕಾರಿ ಮೆಥನಾಲ್ ಬೆರೆತಿರಬಹುದಾದ್ದರಿಂದ ಅದು ಬೇಡ. ಯಾವ ಸ್ಪಿರಿಟ್ಟೇ ಆಗಲಿ ಹೊರಮೈಗೆ ಹರಿದರೆ ಬಣ್ಣವನ್ನೂ ಅರಗಿನ ಮೆರುಗನ್ನೂ ಎಬ್ಬಿಸಿಬಿಡುತ್ತದೆ, ಮತ್ತು ದೇವರ ದೀಪ ಉರಿಯುವ ಕೋಣೆಯಲ್ಲಿ ಈ ಕೆಲಸ ಸಲ್ಲದು.

ಬಾಯಿಕೊಳವೆ ಹಸಿರುಮಿಶ್ರಿತ ಕಂದು ಬಣ್ಣಕ್ಕೆ ತಿರುಗಿ, ಮೂಗಿನ ಹತ್ತಿರ ಹಿಡಿದರೆ ಪಟಾಕಿಯ ಮದ್ದಿನ ವಾಸನೆ ಬಂದರೆ ಗಾಬರಿಯಾಗಬೇಡಿ. ಅದು ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಬೆಳಕು, ಗಾಳಿಗೆ ಮೇಲ್ಪದರ ಹೀಗಾಗುತ್ತದೆ, ಒಳಗೆ ಕಪ್ಪು ಹಾಗೆಯೇ ಇರುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಬಣ್ಣ ಇನ್ನಷ್ಟು ಕೆಡುತ್ತದೆ. ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರನ್ನು 600, 1000, 2000 ಸಂಖ್ಯೆಗಳ ಕ್ರಮದಲ್ಲಿ ತಣ್ಣೀರಿನಲ್ಲಿ ಅದ್ದಿ, ಉದ್ದಕ್ಕೆ ಮಾತ್ರ ಉಜ್ಜಿ. ಕಂಪನಿಯ ಗುರುತಿರುವ ಜಾಗಕ್ಕೆ ಟೇಪು ಅಂಟಿಸಿರಿ, ಮರಕ್ಕೆ ಸೇರುವ ಅಂಚನ್ನು ದುಂಡಗಾಗಿಸಬೇಡಿ. ಹಲ್ಲಿನ ಗುರುತುಗಳನ್ನು ಕಾವು ಕೊಟ್ಟು ಮೇಲೆಬ್ಬಿಸಬಹುದು, ಎಬೊನೈಟು ಬೆಚ್ಚಗಾದಾಗ ತನ್ನ ಮೊದಲಿನ ಆಕಾರಕ್ಕೆ ಮರಳಲು ನೋಡುತ್ತದೆ. ಆದರೆ ಮನೆಯ ಹಿರಿಯರು ದಿನವೂ ಬಳಸಿದ ಪೈಪಿನಲ್ಲಿ ಆ ಗುರುತುಗಳನ್ನು ದಯವಿಟ್ಟು ಅಳಿಸಬೇಡಿ. ಕೊಂಡುಕೊಳ್ಳುವವರಿಗೆ ಅದು ದೋಷವಾಗಿ ಕಾಣಬಹುದು. ನಮಗೆ ಅದು ಅವರ ಬಾಯಿಯ ಗುರುತು.

ಮರದ ಹೊರಮೈಗೆ, ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆಯ ಬಟ್ಟೆಯೇ ಸಾಕು. ನಮ್ಮಲ್ಲಿ ಮರದ ಸಾಮಾನಿಗೆಲ್ಲ ಕೊಬ್ಬರಿ ಎಣ್ಣೆ ಸವರುವ ರೂಢಿಯಿದೆ, ಪೈಪಿಗೆ ಅದು ಬೇಡ, ಕೆಲವು ತಿಂಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ. ಒಣಗಿದ ಮೇಲೆ ಜೇನುಮೇಣವನ್ನು ಬೆರಳ ತುದಿಯಷ್ಟು ತೆಗೆದುಕೊಂಡು ಹಚ್ಚಿ, ಹತ್ತಿ ಬಟ್ಟೆಯಿಂದ ತಿಕ್ಕಿದರೆ ಮರದ ಗೆರೆಗಳು ತಾವಾಗಿಯೇ ಬೆಳಗುತ್ತವೆ. ಬೆಳ್ಳಿಯ ಪಟ್ಟಿಗೆ ವಿಭೂತಿಯನ್ನು ಒಣ ಬಟ್ಟೆಯಲ್ಲಿ ತೆಗೆದುಕೊಂಡು ಹಗುರವಾಗಿ ಆಡಿಸಿ, ಮುದ್ರೆಗಳ ಮೇಲೆ ಒತ್ತಬೇಡಿ. ಪಟ್ಟಿಯ ಮೇಲೆ ಇ.ಪಿ. ಎಂದಿದ್ದರೆ ಅದು ಬೆಳ್ಳಿಯ ಲೇಪನ ಮಾತ್ರ, ಅದಕ್ಕೆ ವಿಭೂತಿಯೂ ಬೇಡ.

ಎತ್ತಿಡುವಾಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗಳನ್ನು ಬಿಟ್ಟುಬಿಡಿ. ಎಬೊನೈಟಿನ ಗಂಧಕ ಅದರೊಳಗೆ ನಿಂತು ಬೆಳ್ಳಿಯನ್ನು ಬೇಗ ಕಪ್ಪಾಗಿಸುತ್ತದೆ, ಮಳೆಗಾಲದಲ್ಲಿ ಬೂಷ್ಟು ಬೇರೆ. ನುಸಿಗುಳಿಗೆಯನ್ನೂ ಹಾಕಬೇಡಿ, ಅದರ ವಾಸನೆ ಮರಕ್ಕೆ ಸೇರಿದರೆ ಬಿಡುವುದಿಲ್ಲ. ಬಿಸಿಲು ಬೀಳದ ಮರದ ಕಪಾಟಿನಲ್ಲಿ, ಒಂದೊಂದನ್ನೂ ಹತ್ತಿಯ ಚೀಲದಲ್ಲಿ ಹಾಕಿ, ಸಂಖ್ಯೆಯ ಚೀಟಿಯೊಂದಿಗೆ ಇಡಿ.

ಹಂಚುವ ಮೊದಲು ಕಾನೂನಿನ ಎರಡು ಮಾತು ತಿಳಿದಿರಲಿ. ದಂತದ ಭಾಗವಿರುವ ಪೈಪನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರುವಂತಿಲ್ಲ. ನೂರು ವರ್ಷ ದಾಟಿದ ಕೌಶಲದ ವಸ್ತುಗಳು ಅದೇ ವರ್ಷದ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ, ವಿದೇಶದಲ್ಲಿರುವ ಮಕ್ಕಳು ತಮ್ಮ ಪಾಲಿನ ಹಳೆಯ ಪೈಪನ್ನು ಪೆಟ್ಟಿಗೆಯಲ್ಲಿಟ್ಟು ಹೊರಡುವ ಮುನ್ನ, ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯಿಂದ ಪಡೆಯಬೇಕು. ಅದಕ್ಕೆ ಅರ್ಜಿ ಹಾಕುವಾಗ, ಮೊದಲ ದಿನ ತೆಗೆದ ಫೋಟೊಗಳನ್ನೂ ಅಕ್ಷರಗಳನ್ನು ಬರೆದಿಟ್ಟ ನೋಟ್‌ಬುಕ್ಕನ್ನೂ ಜೊತೆಗೆ ಕೊಂಡೊಯ್ಯಿರಿ.