ಮಕ್ಕಳಿಗೆ ಭಾರತೀಯ ಸನ್ನೆ ಭಾಷೆಯ ವ್ಯಾಕರಣ ಕಲಿಸುವ ಬಗೆ

ಸನ್ನೆ ಭಾಷೆ ಕಲಿಸಲು ಹೊರಟ ಹಲವು ಶಿಕ್ಷಕರು ಕನ್ನಡ ವಾಕ್ಯವನ್ನು ಬಾಯಲ್ಲಿ ಹೇಳುತ್ತ, ಪದಕ್ಕೊಂದರಂತೆ ಸನ್ನೆ ಮಾಡುತ್ತ ಹೋಗುವುದನ್ನು ಕಂಡಿದ್ದೇನೆ. ಇದರಿಂದ ಮಕ್ಕಳಿಗೆ ಪದಗಳು ಬರುತ್ತವೆ, ವಾಕ್ಯ ಕಟ್ಟಲು ಬರುವುದಿಲ್ಲ.

ಮೊದಲ ಹಂತವಾದ ಪದಕ್ರಮ ಸುಲಭ. ಕನ್ನಡದಂತೆ ಇಲ್ಲಿಯೂ ಸಾಮಾನ್ಯವಾಗಿ ಕರ್ತೃ, ಕರ್ಮ, ಕ್ರಿಯಾಪದ ಎಂಬ ಅನುಕ್ರಮವಿದೆ; ‘ನಿನ್ನೆ’, ‘ನಾಳೆ’ ಆರಂಭದಲ್ಲಿ ಬರುತ್ತವೆ, ನಿಷೇಧ ಕೊನೆಯಲ್ಲಿ. ವಿಭಕ್ತಿ ಪ್ರತ್ಯಯಗಳಿಗೆ ಸನ್ನೆ ಹುಡುಕಬೇಡಿ.

ಎರಡನೆಯದು ಪ್ರಶ್ನೆ. ‘ನಿನ್ನ ಶಾಲೆ ಎಲ್ಲಿದೆ?’ ಎನ್ನಲು ‘ನಿನ್ನ, ಶಾಲೆ, ಜಾಗ, ಏನು’ ಎಂದು ಸನ್ನೆ ಮಾಡಿ, ಪ್ರಶ್ನೆಯ ಸನ್ನೆಯನ್ನು ಕೊನೆಗಿಡಬೇಕು. ಹೌದು ಅಥವಾ ಇಲ್ಲ ಎಂಬ ಉತ್ತರದ ಪ್ರಶ್ನೆಗೆ ಹುಬ್ಬೇರಿಸಿ ತಲೆಯನ್ನು ತುಸು ಮುಂದೆ ಚಾಚಬೇಕು. ಇಲ್ಲದಿದ್ದರೆ ಅದು ಬರೀ ಹೇಳಿಕೆಯಾಗುತ್ತದೆ. ಆದ್ದರಿಂದ ಕಿಟಕಿಗೆ ಬೆನ್ನು ಹಾಕಿ ನಿಂತು ಕಲಿಸಬೇಡಿ, ಮುಖ ಕತ್ತಲಾಗುತ್ತದೆ.

ಅಂಗಡಿಯ ಅಕ್ಷರಮಾಲೆ ಚಾರ್ಟ್‌ನಿಂದ ಪಾಠ ಆರಂಭಿಸುವ ಅಡ್ಡದಾರಿ ಬೇಡ. ಅಮೆರಿಕನ್ ಸನ್ನೆ ಭಾಷೆಯಲ್ಲಿ ಒಂದೇ ಕೈಯಿಂದ ತೋರಿಸುವ ಇಂಗ್ಲಿಷ್ ಅಕ್ಷರಗಳಿಗೆ ‘ಭಾರತೀಯ’ ಎಂಬ ಹಣೆಪಟ್ಟಿ ಹಚ್ಚಿ ಮಾರುವುದುಂಟು. ನಮ್ಮಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಹೆಚ್ಚಾಗಿ ಎರಡೂ ಕೈ ಬೇಕು. ಪದದ ಅನುಮಾನವಿದ್ದರೆ, 2015ರಲ್ಲಿ ಸ್ಥಾಪನೆಯಾದ ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟನ್ನು ನೋಡಿ. 2021ರ ಆವೃತ್ತಿಯಲ್ಲೇ 10,000 ಪದಗಳಿದ್ದವು.

ಬಹುತೇಕರು ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಸನ್ನೆ ಮಾಡುವವರ ಎದುರಿನ ಖಾಲಿ ಜಾಗವನ್ನು ವ್ಯಾಕರಣವಾಗಿ ಬಳಸುವಲ್ಲಿ. ರವಿ, ಗೀತಾ ಇಬ್ಬರೂ ಎದುರಿಗಿಲ್ಲವೆನ್ನಿ. ರವಿಯ ಹೆಸರಿನ ಸನ್ನೆ ಮಾಡಿ ಬಲಕ್ಕೆ ಬೆರಳು ತೋರಿಸಿ, ಗೀತಾಳದ್ದು ಮಾಡಿ ಎಡಕ್ಕೆ. ಈಗ ‘ಕೊಡು’ ಎಂಬ ಸನ್ನೆ ಬಲದಿಂದ ಎಡಕ್ಕೆ ಸಾಗಿದರೆ ರವಿ ಗೀತಾಳಿಗೆ ಕೊಟ್ಟ ಎಂದೂ, ಎಡದಿಂದ ಬಲಕ್ಕೆ ಸಾಗಿದರೆ ಗೀತಾ ರವಿಗೆ ಕೊಟ್ಟಳು ಎಂದೂ ಅರ್ಥ. ಕನ್ನಡದ ‘ಗೆ’ ಪ್ರತ್ಯಯದ ಕೆಲಸವನ್ನು ಇಲ್ಲಿ ಕೈಯ ದಿಕ್ಕೇ ಮಾಡುತ್ತದೆ. ಕಥೆಯ ನಡುವೆ ಶಿಕ್ಷಕರೇ ಮರೆತು ರವಿಯನ್ನು ಎಡಕ್ಕೆ ಸಾಗಿಸಿಬಿಟ್ಟರೆ, ಯಾರು ಯಾರಿಗೆ ಕೊಟ್ಟರೆಂಬುದು ಕಲಸಿಹೋಗುತ್ತದೆ. ಎದುರು ಕುಳಿತ ಮಗು ನಿಮ್ಮ ಬಲವನ್ನು ತನ್ನ ಎಡದಲ್ಲಿ ಕಂಡು ಕನ್ನಡಿಯಂತೆ ಅನುಕರಿಸುವುದರಿಂದ, ಮೊದಲ ಪಾಠಗಳಲ್ಲಿ ಮಗುವಿನ ಪಕ್ಕದಲ್ಲೇ ಕುಳಿತು, ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಸನ್ನೆ ಮಾಡುವುದು ಒಳ್ಳೆಯದು. ಆರಂಭದಲ್ಲಿ ಎರಡೂ ಕಡೆ ಒಂದೊಂದು ಗೊಂಬೆ ಇಡಿ. ಮಗುವಿನ ಕಣ್ಣು ಸರಿಯಾದ ಕಡೆಗೆ ಹೊರಳತೊಡಗಿದ ಮೇಲೆ ಗೊಂಬೆಗಳನ್ನು ತೆಗೆದು ಅದೇ ಕಥೆಯನ್ನು ಹೇಳಿಸಿ.

ಎಲ್ಲ ಕ್ರಿಯಾಪದಗಳೂ ಹೀಗೆ ಸಾಗುವುದಿಲ್ಲ. ‘ತಿನ್ನು’ ಬಾಯಿಯ ಬಳಿಯೇ ಉಳಿಯುತ್ತದೆ. ಯಾವುದು ಚಲಿಸುತ್ತದೆ, ಯಾವುದು ಇಲ್ಲ ಎಂಬುದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಬದಲು, ಸನ್ನೆ ಭಾಷೆಯಲ್ಲೇ ಬೆಳೆದ ಕಿವುಡ ಹಿರಿಯರೊಬ್ಬರನ್ನು ವಾರಕ್ಕೊಮ್ಮೆಯಾದರೂ ತರಗತಿಗೆ ಕರೆಸಿ ಮಕ್ಕಳಿಗೆ ಕಥೆ ಹೇಳಿಸಿ.